ಕೊಳದ ಕಡೆ ಮುಖ ಮಾಡಿದ ಬೆಂಚು

ಬಿಳಿ ಅಂಗಿ — ಅಲ್ಲ, ಅವನಲ್ಲ, ಇದ್ಯಾರೋ ಫೋನಿನಲ್ಲಿ ಮಾತಾಡಿಕೊಂಡು ಹೋಗುವವನು, ನಡಿಗೆಯಲ್ಲೇ ಗೊತ್ತಾಗುತ್ತೆ, ಅಣ್ಣ ಹೀಗೆ ಎರಡೂ ಕೈ ಬೀಸಿಕೊಂಡು ನಡೆಯುವವನಲ್ಲ, ಬಲಗೈಯನ್ನು ಮೈಯಿಂದ ಒಂದು ಗೇಣು ದೂರ ಹಿಡಿದೇ ನಡೆಯುತ್ತಾನೆ, ಬಣ್ಣದ ಕೆಲಸ ಬಿಟ್ಟು ಎಷ್ಟೋ ಕಾಲವಾಯಿತು, ಆದರೂ ಆ ಕೈಯಲ್ಲಿ ಇನ್ನೂ ಹಸಿ ಬ್ರಷ್ ಇದೆ, ಎಲ್ಲಿ ಅಂಗಿಗೆ ತಾಗಿಬಿಡುತ್ತೋ ಅನ್ನುವ ಹಾಗೆ, ಅಲ್ಲದೆ ಇನ್ನೂ ಹೊತ್ತಿದೆ, ಮರದ ನೆರಳು ಕೊಳದ ಅಂಚಿನಲ್ಲೇ ಇದೆ, ಅದು ನೀರಿನ ಅರ್ಧಕ್ಕೆ ಬಂದಾಗ, ಬಾತುಕೋಳಿಗಳು ಮೇಲೆ ಹತ್ತಿ ಮೈ ಒದರಿಕೊಳ್ಳುವ ಹೊತ್ತಿಗೆ ಅವನು ಬರುವುದು, ಅಲ್ಲಿಯವರೆಗೆ ದಾರಿ ನೋಡಬೇಡ, ಕೈ ನೋಡು, ಈ ಬೆಂಚಿನ ಕೆಳಪಟ್ಟಿ ನೋಡು, ಬಣ್ಣ ಸೋರಿ ಹನಿ ನಿಂತಿದೆ, ಎಳಿ ಅದನ್ನ. ಎಳೆದೆ. ಬೆನ್ನು ಹಿಡಿದುಕೊಂಡಿದೆ, ಮಂಡಿ ಕೂರಲು ಒಪ್ಪುವುದಿಲ್ಲ, ಕೂತರೆ ಏಳಲು ಒಪ್ಪುವುದಿಲ್ಲ, ಈ ವಯಸ್ಸಿನಲ್ಲಿ ಪಾರ್ಕಿನ ಅಷ್ಟೂ ಬೆಂಚುಗಳ ಮುಂದೆ ಮಂಡಿ ಊರಿದ್ದೇನೆ, ಇಷ್ಟು ಸಲ ಒಬ್ಬ ಮನುಷ್ಯನ ಮುಂದೆ ಊರಿದ್ದರೆ ಅವನು ಯಾವತ್ತೋ ಕರಗಿಹೋಗುತ್ತಿದ್ದ, ಇವಳು, ನನ್ನ ಹೆಂಡತಿ, ಇರಬೇಕಿತ್ತು ಈ ಮಾತಿಗೆ, ಹೋಗಿ ಊರಿ ಮತ್ತೆ, ಯಾರು ಬೇಡ ಅಂದ್ರು ಅನ್ನುತ್ತಿದ್ದಳು.

ಬೆಳಿಗ್ಗೆ ಡಬ್ಬಿಗೆ ಊಟ ಕಟ್ಟುತ್ತ ಅದನ್ನೇ ಅಂದಳು, ಅಷ್ಟರಲ್ಲಿ ಅಣ್ಣನ ಮಗಳು ಬಾಗಿಲಲ್ಲಿ ನಿಂತಿದ್ದಳು, ಒಳಗೆ ಬಾಮ್ಮ ಅಂದರೆ ಬರಲಿಲ್ಲ, ಚಪ್ಪಲಿ ಬಿಚ್ಚದೆ ಹೊಸ್ತಿಲಲ್ಲೇ ನಿಂತು ಹೇಳಿದಳು, ಚಿಕ್ಕಪ್ಪ, ನಮ್ಮನೆಯವರಿಗೆ ವರ್ಗ ಆಯ್ತು, ನಾಳೆ ಬೆಳಿಗ್ಗೆ ಲಾರಿ ಬರುತ್ತೆ, ಅಪ್ಪನ್ನೂ ಕರ್ಕೊಂಡು ಹೋಗ್ತಿದೀವಿ, ಅಲ್ಲಿಂದ ಮತ್ತೆ ಈ ಊರಿಗೆ ಬರೋದು ಅಂತ ಏನಿಲ್ಲ, ಇಲ್ಲಿ ನಮ್ಮದು ಅಂತ ಏನಿದೆ ಹೇಳಿ. ನಾನು ಬ್ರಷ್ಷಿನ ಕೂದಲು ಬಿಡಿಸುತ್ತ ನಿಂತಿದ್ದೆ. ಏನಿದೆ ಅಂತ ಕೇಳಿದಳಲ್ಲ, ಅದಕ್ಕೆ ಉತ್ತರವಾಗಿ ನಾನು ಅಲ್ಲೇ ನಿಂತಿದ್ದೆ, ಇವಳೇ ನನ್ನ ಪರವಾಗಿ ಕೇಳಿದಳು, ಭಾವ ಏನಂದ್ರು ಅಂತ. ಅಪ್ಪ ಏನೂ ಅನ್ನಲ್ಲ ಚಿಕ್ಕಮ್ಮ, ಗೊತ್ತಲ್ಲ ನಿಮಗೆ, ಇವತ್ತೂ ಸಂಜೆ ಪಾರ್ಕಿಗೆ ಹೋಗ್ತೀನಿ ಅಂದ್ರು, ಸಾಮಾನು ಕಟ್ಟೋದು ಬಿಟ್ಟು ಯಾಕಪ್ಪಾ ಅಂದ್ರೆ, ಕೊನೇ ಸಲ ಕೂತು ಬರ್ತೀನಿ ಅಂದ್ರು — ಅಂದು ನನ್ನ ಕಡೆ ನೋಡಿದಳು, ಅವಳ ಅಮ್ಮನ ಕಣ್ಣೇ, ಅತ್ತಿಗೆಯೂ ಹೀಗೇ ನೋಡುತ್ತಿದ್ದಳು, ಬೈಯುವುದಕ್ಕಿಂತ ಜಾಸ್ತಿ ಆಗುತ್ತಿತ್ತು ಅದು. ಅವಳು ಹೋದ ಮೇಲೆ ಇವಳು ಡಬ್ಬಿಯನ್ನು ಟಪ್ ಅಂತ ಮುಚ್ಚಿದಳು, ಹೋಗಿ ಮಾತಾಡಿ ಬನ್ನಿ, ನಿಮ್ಮ ಗಂಟೇನು ಹೋಗುತ್ತೆ, ಅವರೇ ಬರಲಿ ಅಂತ ಕೂತ್ರೆ ಲಾರಿ ಬರುತ್ತೆ, ಅವರು ಬರಲ್ಲ. ಮಾತು ಬಿಟ್ಟು ಇಷ್ಟು ವರ್ಷವಾದ ಮೇಲೆ ಮನೆಗೆ ಹೋಗಲಾರೆ. ಅವನ ಮನೆ ಬಾಗಿಲು ತಟ್ಟಿ, ಕಟ್ಟಿದ ಗಂಟುಮೂಟೆಗಳ ನಡುವೆ ನಿಂತು, ಅಳಿಯನ ಎದುರಿಗೆ — ಆಗುವುದಿಲ್ಲ. ಪಾರ್ಕಿನಲ್ಲಾದರೆ ಬೇರೆ, ನಾನು ಹೇಗೂ ಅಲ್ಲೇ ಇರುತ್ತೇನೆ, ಬಣ್ಣದ ಡಬ್ಬ ಹಿಡಿದು ಕೆಲಸದ ಮೇಲೆ, ಅವನೂ ಹೇಗೂ ಬರುತ್ತಾನೆ, ಯಾರೂ ಯಾರ ಹತ್ತಿರವೂ ಹೋದ ಹಾಗಾಗುವುದಿಲ್ಲ.

ಆದರೆ ಅವನು ಕೂರಬೇಕಲ್ಲ. ಕೂತರೆ ತಾನೇ ಮಾತು. ಅದಕ್ಕೇ ಬಂದ ತಕ್ಷಣ ಸೀಟಿಗೆ ಹೇಳಿದೆ — ಪಾರ್ಕಿನ ಮೇಲ್ವಿಚಾರಕ, ಕತ್ತಿನಲ್ಲಿ ಸೀಟಿ, ಮಕ್ಕಳು ಹುಲ್ಲಿನ ಮೇಲೆ ಕಾಲಿಟ್ಟರೆ ಪೀ ಅಂತ, ಊದದಿದ್ದಾಗಲೂ ಬಾಯಲ್ಲಿ ಅದೇ, ಅವನ ಹೆಂಡತಿ ಹೇಗೆ ಬಾಳುತ್ತಾಳೋ — ಸಾರ್, ಎಲ್ಲಾ ಬೆಂಚಿಗೂ ಇವತ್ತು ಕೊನೇ ಕೋಟು ಹೊಡೆದು ಮುಗಿಸ್ತೀನಿ, ಕೊಳದ ಕಡೆ ಇರೋ ಅದೊಂದನ್ನ ನಾಳೆ ಬೆಳಿಗ್ಗೆ ಮಾಡ್ತೀನಿ ಅಂದೆ. ಯಾಕೆ ಅದಕ್ಕೇನು ಕೊಂಬು ಅಂದ. ಮರ ಇನ್ನೂ ತೇವ ಇದೆ ಸಾರ್, ಎನಾಮಲ್ ಬಣ್ಣ ಹಿಡಿಯಲ್ಲ, ಗುಳ್ಳೆ ಏಳುತ್ತೆ ಅಂದೆ. ಸುಳ್ಳು. ಮರ ಹಪ್ಪಳದ ಹಾಗೆ ಒಣಗಿತ್ತು. ಆ ಬೆಂಚಿನ ಕಬ್ಬಿಣದ ಕಾಲನ್ನ ವೈರ್ ಬ್ರಷ್ಷಿನಲ್ಲಿ ಉಜ್ಜಿ ಉಜ್ಜಿ ಬೆಳ್ಳಗೆ ಮಾಡಿ ಕೆಂಪು ಪ್ರೈಮರ್ ಕೊಟ್ಟವನು ನಾನು, ಮರದ ಪಟ್ಟಿಗಳಿಗೆ ಉಪ್ಪು ಕಾಗದ ತಿಕ್ಕಿ, ಬಿರುಕಿಗೆ ಪುಟ್ಟಿ ತುಂಬಿ, ಮತ್ತೆ ತಿಕ್ಕಿ, ಪ್ರೈಮರ್ ಹೊಡೆದು ಒಣಗಿಸಿದವನೂ ನಾನು, ಕೂತರೆ ಒಂದು ಚೂರು ಅಂಟುವುದಿಲ್ಲ, ಬಿಳಿ ಅಂಗಿಯವರೂ ಕೂರಬಹುದು. ಮರೆಯಬಾರದು ಅಂತ ಆ ಬೆಂಚಿನ ಕೈಗೆ ಒಂದು ಹಳೇ ಬಟ್ಟೆ ಕಟ್ಟಿದೆ, ನನ್ನ ಕೈಯ ಬುದ್ಧಿ ನನಗೆ ಗೊತ್ತು, ಬೆಂಚು ಸಿಕ್ಕಿದರೆ ಬಿಡುವುದಿಲ್ಲ ಅದು, ಬಟ್ಟೆ ಇದ್ದ ಬೆಂಚು ಅಣ್ಣನದು, ಉಳಿದದ್ದೆಲ್ಲ ಸರ್ಕಾರದ್ದು.

ಮುಂದಿನ ಬೆಂಚು. ಡಬ್ಬ ತಿರುವು, ಅಡಿಯಲ್ಲಿ ಬಣ್ಣ ಕೂತಿರುತ್ತೆ, ಕೋಲಿನಲ್ಲಿ ಅಡಿ ಮುಟ್ಟಿ ತಿರುವಬೇಕು, ಮೇಲಿನ ಎಣ್ಣೆ ಮಾತ್ರ ಹೊಡೆದರೆ ಹೊಳೆಯುತ್ತೆ, ನಿಲ್ಲುವುದಿಲ್ಲ — ಇದು ಯಾರ ಮಾತು, ಅಣ್ಣನದೇ, ನನ್ನ ತಲೆಯಲ್ಲಿ ನನ್ನದು ಅಂತ ಇರುವ ಮಾತು ಯಾವುದಿದೆ, ಬ್ರಷ್ಷನ್ನು ಅರ್ಧಕ್ಕಿಂತ ಜಾಸ್ತಿ ಅದ್ದಬೇಡ, ಡಬ್ಬದ ಬಾಯಿಗೆ ಒಂದು ಕಡೆ ಮಾತ್ರ ಒರೆಸು, ಮರದ ಎಳೆ ಹೋದ ದಿಕ್ಕಿಗೇ ಹೋಗು, ಕೊನೇ ಎಳೆತ ಹಗುರ ಇರಲಿ, ಕೈ ಎತ್ತಿದ ಮೇಲೆ ಮತ್ತೆ ಆ ಜಾಗಕ್ಕೆ ಹೋಗಬೇಡ, ಎನಾಮಲ್ ಬಿಗಿಯೋಕೆ ಶುರುವಾದ ಮೇಲೆ ತಿದ್ದೋಕೆ ಹೋದ್ಯೋ ಕೆಟ್ಟೆ, ತಪ್ಪಿದ್ರೆ ತಪ್ಪೇ ಇರಲಿ, ಒಣಗಿದ ಮೇಲೆ ತಿಕ್ಕಿ ನೋಡೋಣ. ಅಪ್ಪ ಹೋದ ಮೇಲೆ ಅವನೇ ಎಲ್ಲ, ನನಗಿಂತ ಎಷ್ಟು ದೊಡ್ಡವನು ಅವನು, ಅಷ್ಟೇನೂ ಅಲ್ಲ, ಆದರೆ ಒಂದೇ ದಿನದಲ್ಲಿ ದೊಡ್ಡವನಾಗಿಬಿಟ್ಟ, ಚಡ್ಡಿ ಹಾಕಿಕೊಂಡೇ ಕೆಲಸಕ್ಕೆ ಹೋದ, ಸಂಜೆ ಬಂದು ಸೀಮೆಎಣ್ಣೆಯಲ್ಲಿ ಕೈ ತೊಳೆದು, ಸೋಪಿನಲ್ಲಿ ತೊಳೆದು, ಬಿಳಿ ಅಂಗಿ ಹಾಕಿಕೊಂಡು ಹೊರಡುತ್ತಿದ್ದ, ಒಂದೇ ಒಂದು ಬಿಳಿ ಅಂಗಿ, ದಿನಾ ಒಗೆದು ದಿನಾ ಹಾಕುವುದು, ಬಣ್ಣದವನ ಅಂಗಿ ಮೇಲೆ ಬಣ್ಣ ಕಂಡ್ರೆ ಅವನಿಗೆ ಕೆಲಸ ಬರಲ್ಲ ಅಂತ ಅರ್ಥ ಕಣೋ ಅನ್ನುತ್ತಿದ್ದ, ಅಮ್ಮ ನಗುತ್ತಿದ್ದಳು, ಮದುವೆ ಗಂಡು ಹೊರಟ ನೋಡು ಅಂತ. ಒಂದು ಚುಕ್ಕೆ ಇರುತ್ತಿರಲಿಲ್ಲ ಆ ಅಂಗಿಯ ಮೇಲೆ. ಇವತ್ತಿಗೂ ಇಲ್ಲ.

ಒಂದು ಸಲ ಇತ್ತು. ನನ್ನ ರಕ್ತ. ಹಿತ್ತಲಲ್ಲಿ ಬಿದ್ದಿದ್ದ ಹಳೇ ತಗಡಿನ ಮೇಲೆ ಕುಣಿದಿದ್ದೆ, ತುಕ್ಕು ಹಿಡಿದ ಮೊಳೆ ಪಾದದಲ್ಲಿ ಒಳಗೆ ಹೋಗಿ ನಿಂತಿತು, ಅಮ್ಮ ಮನೆಯಲ್ಲಿರಲಿಲ್ಲ, ಅವನು ಹೊರಡಲು ಬಿಳಿ ಅಂಗಿ ಹಾಕಿ ನಿಂತಿದ್ದ, ಹಾಗೇ ಕುಕ್ಕರಿಸಿ ಬೆನ್ನು ಕೊಟ್ಟ, ಹತ್ತೋ ಅಂದ, ಓಡಿದ, ನನ್ನ ಕೆನ್ನೆ ಅವನ ಬೆನ್ನಿಗೆ ಅಂಟಿತ್ತು, ಅಂಗಿ ಬೆವರಿ ಒದ್ದೆ, ಒಳಗಡೆ ಅವನ ಎದೆ ದಬದಬ ಅನ್ನುವುದು ನನ್ನ ಕಿವಿಗೆ ಕೇಳುತ್ತಿತ್ತು, ತುಕ್ಕು ರಕ್ತಕ್ಕೆ ಹೋದ್ರೆ ದವಡೆ ಬಿಗಿದುಹೋಗುತ್ತೆ ಕಣೋ, ಮಾತಾಡ್ತಾ ಇರು, ಬಾಯಿ ಬಿಡ್ತಾ ಇರು, ಸುಮ್ಮನಾಗಬೇಡ, ಏನಾದ್ರೂ ಮಾತಾಡು ಅನ್ನುತ್ತಲೇ ಓಡಿದ, ನಾನು ದಾರಿಯುದ್ದಕ್ಕೂ ಮಗ್ಗಿ ಒಪ್ಪಿಸಿದೆ, ತಪ್ಪು ತಪ್ಪಾಗಿ, ಅವನು ಓಡುತ್ತಲೇ ತಿದ್ದಿದ, ಆಸ್ಪತ್ರೆಯಲ್ಲಿ ಸೂಜಿ ಚುಚ್ಚುವಾಗಲೂ ನಾನು ಆ ಬೆನ್ನು ಬಿಡಲಿಲ್ಲವಂತೆ, ಬಿಡಿಸಬೇಕಾಯಿತಂತೆ. ಅವತ್ತಿನಿಂದ ಅವನಿಗೆ ತುಕ್ಕು ಅಂದರೆ ವೈರಿ, ಬೇರೆ ಬಣ್ಣದವರು ಬಣ್ಣದ ಕೆಲಸಕ್ಕೆ ಹೋದರೆ ಇವನು ತುಕ್ಕಿನ ಮೇಲೆ ಯುದ್ಧಕ್ಕೆ ಹೋಗುತ್ತಿದ್ದ, ಗೇಟು, ಕಿಟಕಿ ಸರಳು, ಮೆಟ್ಟಿಲ ಕಂಬಿ ಏನೇ ಇರಲಿ, ಕೆಳಭಾಗಕ್ಕೆ ಕೈ ಹಾಕಿ, ಯಾರೂ ನೋಡದ ಕಡೆ, ಬೆರಳಿನ ಹಿಂಬದಿಯಿಂದ ಸವರಿ ನೋಡುತ್ತಿದ್ದ, ಬೆರಳಿಗೆ ಪುಡಿ ಹತ್ತಿದರೆ ಮುಗಿಯಿತು ನಮ್ಮ ಕಥೆ.

ಹನಿ ಬಿತ್ತು, ಚಪ್ಪಲಿ ಮೇಲೆ, ಇರಲಿ. ನೆರಳು ಸ್ವಲ್ಪ ಮುಂದೆ ಬಂದಿದೆ. ಏನು ಹೇಳಲಿ ಅವನಿಗೆ, ಮೊದಲ ಮಾತು ಯಾವುದು, ಚೆನ್ನಾಗಿದೀಯಾ ಅಂದರೆ ನಗೆಪಾಟಲು, ಇಷ್ಟು ವರ್ಷ ಬಿಟ್ಟು ಚೆನ್ನಾಗಿದೀಯಾ ಅಂತೆ, ನಾಳೆ ಹೊರಟ್ಯಂತೆ ಅಂದರೆ ಹೋಗು ಅಂದ ಹಾಗೆ, ಬರೀ ಅಣ್ಣಾ ಅಂದರೆ ಸಾಕೇನೋ, ಅಷ್ಟು ಅಂದು ನಿಂತರೆ ಉಳಿದದ್ದು ಅವನಿಗೆ ಬಿಟ್ಟಿದ್ದು, ಬೈದರೂ ಸರಿ. ಅತ್ತಿಗೆ ತೀರಿಹೋದಾಗ ಅವನ ಪಕ್ಕದಲ್ಲೇ ನಿಂತಿದ್ದೆ, ಬೆಳಗಿನಿಂದ ಕೊನೆಯವರೆಗೆ ಎಲ್ಲ ಓಡಾಟ ನನ್ನದೇ, ಮಾತೊಂದು ಬಿಟ್ಟು, ಅವನೂ ಅಷ್ಟೆ, ನೀರಿನ ಲೋಟ ಕೊಟ್ಟರೆ ಇಸಿದುಕೊಂಡ, ನನ್ನ ಮುಖ ನೋಡಲಿಲ್ಲ. ಆಮೇಲೆಲ್ಲ ಬೆನ್ನೇ, ದಿನಾ ಸಂಜೆ ಸಾಮಾನು ಕೊಠಡಿಗೆ ಇಟ್ಟು ಮನೆಗೆ ಹೋಗುವ ದಾರಿ ಆ ಬೆಂಚಿನ ಹಿಂದೆಯೇ ಹೋಗುತ್ತೆ, ಅವನು ಕೊಳದ ಕಡೆ ಮುಖ ಮಾಡಿ ಕೂತಿರುತ್ತಾನೆ, ಬಿಳಿ ಬೆನ್ನು, ಕಾಲರಿನ ಮೇಲೆ ಬೆಳ್ಳಗಾದ ಕೂದಲು, ನಾನು ಹೆಜ್ಜೆ ಸದ್ದು ಮಾಡಿಕೊಂಡೇ ಹೋಗುತ್ತೇನೆ, ಕೆಮ್ಮುತ್ತೇನೆ ಕೂಡ, ಆ ಬೆನ್ನು ಅಲ್ಲಾಡುವುದಿಲ್ಲ, ಇವಳಿಗೆ ಹೇಳಿದರೆ, ನೀವು ಕೆಮ್ಮಿದ್ದಕ್ಕೆ ಅವರು ಔಷಧಿ ತಂದುಕೊಡಬೇಕಿತ್ತಾ ಅನ್ನುತ್ತಾಳೆ. ಊರಲ್ಲಿ ಅವನಿಗೆ ಬೇರೆ ಪಾರ್ಕ್ ಇಲ್ಲವಾ, ಬೇರೆ ಬೆಂಚಿಲ್ಲವಾ, ನಾನು ಹೋಗುವ ದಾರಿಯಲ್ಲೇ ಬಂದು ಯಾಕೆ ಕೂರುತ್ತಾನೆ ಅಂತ ಒಂದು ದಿನವೂ ನಾನು — ಬೇಡ, ಈಗ ಬೇಡ ಅದು.

ಕೈಯೆಲ್ಲ ಜಿಗುಟು, ಹಿಡಿ ಜಾರುತ್ತಿದೆ, ಒರೆಸಿಕೊಳ್ಳಲು ಬಟ್ಟೆ ಎಲ್ಲಿ, ಇಲ್ಲೇ ಇದೆ, ಸರಿ, ಒರೆಸಿಕೊಂಡೆ, ಹೆಗಲಿಗೆ ಹಾಕಿಕೊಂಡೆ, ಅದ್ದು, ಒರೆಸು, ಎಳಿ. ಮಾವನ ಮನೆಯ ಗೇಟು, ಈಗ ಅದರ ನೆನಪೇ ಬರಬೇಕಾ, ಬಂತು, ಇವಳ ತಂಗಿಯ ಮದುವೆ, ಮನೆ ತುಂಬ ನೆಂಟರು, ಮಾವ ಹಿಂದೆ ಮುಂದೆ ಸುತ್ತುತ್ತ, ಬೇಗ ಬೇಗ ಅಳಿಯಂದ್ರೇ, ನಾಳೆ ಬೀಗರು ಬರೋ ಹೊತ್ತಿಗೆ ಗೇಟು ಮಿಂಚಬೇಕು, ಕೆರೆಯಲು ಎರಡು ದಿನ ಬೇಕಿತ್ತು ಆ ಗೇಟಿಗೆ, ಇದ್ದದ್ದು ಒಂದು ಮಧ್ಯಾಹ್ನ, ಎದುರಿಗೆ ಕಾಣುವಷ್ಟು ಕೆರೆದೆ, ಕೆಳಗೆ ನೆಲದ ಹತ್ತಿರ ಇದ್ದ ತುಕ್ಕಿನ ಮೇಲೆ ಹಾಗೇ ಎಳೆದೆ, ಯಾರು ಬಗ್ಗಿ ನೋಡುತ್ತಾರೆ ಮದುವೆ ಮನೆಯಲ್ಲಿ. ಬಗ್ಗಿ ನೋಡುವವನು ಒಬ್ಬ ಇದ್ದನಲ್ಲ. ಸಂಜೆ ಬಂದ, ಬಿಳಿ ಅಂಗಿ, ಹೊಸದು, ಗೇಟಿನ ಹತ್ತಿರ ನಿಂತ, ಚೆನ್ನಾಗಿದೆ ಅನ್ನುತ್ತಾನೇನೋ ಅಂತ ನಾನು ಹಲ್ಲು ಕಿರಿದುಕೊಂಡು ನಿಂತಿದ್ದೆ, ಅವನು ಬಗ್ಗಿದ, ಬೆರಳಿನ ಹಿಂಬದಿ, ಕೆಳಗೆ, ಬಣ್ಣದ ಕೆಳಗಿಂದ ತುಕ್ಕು ಹೊಟ್ಟು ಹೊಟ್ಟಾಗಿ ಕಿತ್ತು ಬಂತು, ಆಮೇಲೆ ಅಂಗಿ ತೋಳು ಮಡಚಿ, ನನ್ನ ಚೀಲದಿಂದ ಕೆರೆಯುವ ಪಟ್ಟಿ ತೆಗೆದುಕೊಂಡು, ಮೇಲಿಂದ ಕೆಳಗಿನವರೆಗೆ ಇಡೀ ಗೇಟು ಕೆರೆದು ಹಾಕಿದ, ಹಸಿ ಎನಾಮಲ್ ಸುರುಳಿ ಸುರುಳಿಯಾಗಿ ನೆಲಕ್ಕೆ ಬಿತ್ತು, ನೆಂಟರೆಲ್ಲ ಅಂಗಳಕ್ಕೆ ಬಂದು ನಿಂತರು, ಹೆಂಗಸರು ಬಾಯಿ ಮೇಲೆ ಕೈ, ಇವಳು ಕಿಟಕಿಯಲ್ಲಿ. ಅದನ್ನಾದರೂ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದೆ. ಕೆರೆದು ಮುಗಿಸಿ ಮಾವನಿಗೆ ಕೈ ಮುಗಿದ, ಕ್ಷಮಿಸಿ ಯಜಮಾನ್ರೇ, ಇವನಿಗೆ ಕೆಲಸ ಕಲಿಸಿದ್ದು ನಾನು, ತಪ್ಪು ನಂದು ಅಂದ. ಅವನ ತಪ್ಪಂತೆ! ನನ್ನದು ಅಂತ ಒಂದು ತಪ್ಪು ಮಾಡುವಷ್ಟೂ ದೊಡ್ಡವನಲ್ಲ ನಾನು, ಹೆಂಡತಿ ಮನೆಯವರ ಎದುರಿಗೆ, ಮೀಸೆ ಬಂದ ಗಂಡಸು, ಕೆರೆದಿಟ್ಟ ಗೇಟಿನ ಹಾಗೆ ನಿಂತಿದ್ದೆ. ಮದುವೆ ಆ ಕೆರೆದ ಗೇಟಿನ ಮುಂದೆಯೇ ಆಯಿತು. ಬೀಗರು ಒಳಗೆ ಬರುವಾಗ ಒಬ್ಬರೂ ಗೇಟು ನೋಡಲಿಲ್ಲ, ಅದು ಬೇರೆ ಮಾತು, ನಾನು ನೋಡಿದೆನಲ್ಲ, ಅವತ್ತೇ ಅವನ ಹತ್ತಿರ ಮಾತು ಬಿಟ್ಟೆ.

ಎಳಿ, ಹಗುರವಾಗಿ, ಕೈ ಎತ್ತು. ಚೆನ್ನಾಗಿ ಬರುತ್ತಿದೆ ಇದು, ಇವತ್ತಿನ ಎಲ್ಲ ಬೆಂಚಿಗಿಂತ ಚೆನ್ನಾಗಿ, ಬಣ್ಣ ತಾನೇ ಹರಡಿಕೊಂಡು ಬ್ರಷ್ಷಿನ ಗುರುತನ್ನೆಲ್ಲ ನುಂಗಿಕೊಳ್ಳುತ್ತಿದೆ, ಕನ್ನಡಿ. ಅವನಿಗೆ ಇದನ್ನೂ ಹೇಳಬೇಕು, ಆ ಗೇಟಿನ ನಂತರ ನಾನು ತುಕ್ಕಿನ ಮೇಲೆ ಒಂದು ಸಲವೂ ಬಣ್ಣ ಎಳೆದಿಲ್ಲ ಕಣಣ್ಣ, ಹಠಕ್ಕೆ, ನಿನ್ನ ಮೇಲಿನ ಸಿಟ್ಟಿಗೆ, ಯಾರೂ ನೋಡದ ಕಡೆಯೆಲ್ಲ ಕೆರೆದೆ, ಬೆಂಚಿನ ಕಾಲಿನ ಅಡಿ, ಉಯ್ಯಾಲೆಯ ಕೊಂಡಿಯ ಒಳಗೆ, ಜಾರುಬಂಡೆಯ ಬೆನ್ನು, ಸೀಟಿ ನಗುತ್ತಾನೆ, ಅಲ್ಲಿಗೆ ಯಾರಯ್ಯ ಬಗ್ಗಿ ನೋಡ್ತಾರೆ ಅಂತ, ನೋಡುವವನು ಒಬ್ಬ ಇದ್ದಾನೆ, ದಿನಾ ಸಂಜೆ ಬರುತ್ತಾನೆ, ಯಾವತ್ತಾದರೂ ಕೈ ಹಾಕುತ್ತಾನೆ, ಅಂತ ನಾನು ಕೆರೆದದ್ದೇ ಕೆರೆದದ್ದು, ಬೆರಳು ಸೆಟೆದುಹೋಗಿವೆ ನೋಡು, ಬೆಳಿಗ್ಗೆ ಲೋಟ ಹಿಡಿಯಲು ಬರುವುದಿಲ್ಲ, ಸಾಕಾಗಿದೆ ಅಣ್ಣ, ತುಂಬ ಸಾಕಾಗಿದೆ, ಒಂದು ಸಲ ಬಗ್ಗಿ ನೋಡಿ ಹೋಗು, ಆಮೇಲೆ ಲಾರಿ ಹತ್ತು, ನಾನು ಬೇಡ ಅನ್ನುವುದಿಲ್ಲ. ಹಿಂಬದಿಯ ಪಟ್ಟಿ ಮೂರೂ ಆಯಿತು, ಕೂರುವ ಪಟ್ಟಿಗಳೂ ಆದವು, ಕೈ ಒರೆಸಿಕೊ, ಸೊಂಟ ನೆಟ್ಟಗೆ ಮಾಡು, ಅಬ್ಬ, ಮುಂದೆ ಏನೂ ಇಲ್ಲ, ಬೆಂಚೇ ಮುಗಿದವು, ಎದುರಿಗೆ ನೀರು, ಬಾತುಕೋಳಿ — ಎದುರಿಗೆ ನೀರು ಯಾಕಿದೆ. ಈ ಬಟ್ಟೆ ಎಲ್ಲಿಂದ ತೆಗೆದುಕೊಂಡೆ ನಾನು.

ಬೆಂಚಿನ ಕೈಯಿಂದ. ಕಟ್ಟಿದ್ದ ಬಟ್ಟೆ. ನಾನೇ ಕಟ್ಟಿ ನಾನೇ ಬಿಚ್ಚಿ, ಅದರಲ್ಲೇ ಕೈ ಒರೆಸಿಕೊಂಡು, ಹೆಗಲ ಮೇಲೆ ಹಾಕಿಕೊಂಡು, ಅಣ್ಣನ ಬೆಂಚಿಗೆ ತಲೆಯಿಂದ ಕಾಲಿನವರೆಗೆ ಹಸಿರು ಬಳಿದಿದ್ದೇನೆ, ಒಂದು ಇಂಚು ಬಿಟ್ಟಿಲ್ಲ, ಇಷ್ಟು ಚೆನ್ನಾಗಿ ಯಾವತ್ತೂ ಬಳಿದಿಲ್ಲ, ಅಯ್ಯೋ ಪಾಪಿ. ನಾಳೆ ಬೆಳಿಗ್ಗೆಯವರೆಗೆ ಒಣಗುವುದಿಲ್ಲ ಇದು, ಅಷ್ಟು ಹೊತ್ತಿಗೆ ಲಾರಿ ಬಂದಿರುತ್ತೆ. ಒರೆಸಿ ತೆಗೆಯೋಣ ಅಂತ ಬಟ್ಟೆಗೆ ಟರ್ಪೆಂಟೈನ್ ಹಾಕಿ ಪಟ್ಟಿಯ ತುದಿಯಲ್ಲಿ ಉಜ್ಜಿದೆ, ಗೊಜ್ಜಾಯಿತು, ಪ್ರೈಮರೂ ಸೇರಿ ಎದ್ದು ಬಂತು, ಇನ್ನೂ ಜಿಗುಟು, ಹಿಂದಕ್ಕೆ ಹೋಗಬೇಡ ಅಂತ ಅಣ್ಣ ಅಷ್ಟು ಸಲ ಹೇಳಿರಲಿಲ್ಲವಾ, ಬಿಟ್ಟೆ, ಅದನ್ನೇ ಬ್ರಷ್ಷಿನಲ್ಲಿ ಮತ್ತೆ ಮುಚ್ಚಿದೆ. ರಟ್ಟು ಹಾಸಿದರೆ ಅಂಟುತ್ತೆ, ಪೇಪರ್ ಹಾಸಿದರೆ ಅಕ್ಷರವೂ ಸೇರಿ ಅಂಟುತ್ತೆ, ಬೇರೆ ಬೆಂಚೆಲ್ಲ ಹಸಿ, ಪಾರ್ಕಿನಲ್ಲಿ ಒಬ್ಬ ಮುದುಕ ಕೂರಲು ಒಂದು ಗೇಣು ಜಾಗ ಬಿಟ್ಟಿಲ್ಲ ನಾನು, ಕೂರದಿದ್ದರೆ ಅವನು ನಿಲ್ಲುವುದಿಲ್ಲ, ಕಾಲು ನೋವು ಅವನಿಗೆ, ತಿರುಗಿ ಮನೆಗೆ ಹೋಗುತ್ತಾನೆ. ಕುರ್ಚಿ! ಸೀಟಿಯ ಕೊಠಡಿಯಲ್ಲಿ ಕುರ್ಚಿ ಇದೆ, ಓಡಿದೆ, ಓಡುವುದೆಂದರೆ ಈ ಮಂಡಿಯಲ್ಲಿ ಕುಂಟುವುದು, ಸಾರ್ ಒಂದು ಚೂರು ಕುರ್ಚಿ ಕೊಡ್ತೀರಾ, ಅವನು ಅದರಲ್ಲೇ ಕೂತು ಟೀ ಹೀರುತ್ತಿದ್ದ, ಯಾರಿಗಯ್ಯ, ಒಬ್ಬರಿಗೆ ಸಾರ್, ಯಾರಿಗೆ ಅಂತ ಹೇಳು, ದೊಡ್ಡೋರು ಯಾರಾದ್ರೂ ಬಂದ್ರಾ, ಹೌದು ಸಾರ್, ಯಾರು, ನಮ್ಮ — ನಮ್ಮ ಅಂದೆ, ಮುಂದೆ ನಾಲಿಗೆ ಹೊರಳಲಿಲ್ಲ, ಎಷ್ಟು ವರ್ಷವಾಯಿತು ಆ ಮಾತನ್ನು ಗಟ್ಟಿಯಾಗಿ ಆಡಿ, ಮನಸ್ಸಿನಲ್ಲಿ ದಿನಾ ಅಂದದ್ದು ಬಾಯಿಗೆ ಬರಬೇಕಲ್ಲ. ನಮ್ಮಣ್ಣನಿಗೆ ಸಾರ್ ಅಂದೆ ಕೊನೆಗೆ. ನಿನಗೆ ಅಣ್ಣ ಇದಾನೇನಯ್ಯ ಅಂದ ಸೀಟಿ, ಟೀ ಲೋಟ ಕೆಳಗಿಟ್ಟ, ಇದ್ದಿದ್ದು ಗೊತ್ತೇ ಇರಲಿಲ್ಲವಲ್ಲ, ಅಂತ ಪಾಪ ಎದ್ದ ಕೂಡ, ಕುರ್ಚಿ ಬಿಟ್ಟುಕೊಟ್ಟ, ನಾನು ಅದನ್ನು ತಲೆ ಮೇಲೆ ಹೊತ್ತು ಹೊರಗೆ ಬಂದೆ, ಬಂದರೆ —

ಬಿಳಿ ಅಂಗಿ. ಬಲಗೈ ಮೈಯಿಂದ ಒಂದು ಗೇಣು ದೂರ. ಆಗಲೇ ಬೆಂಚಿನ ಹತ್ತಿರ ಬಂದುಬಿಟ್ಟಿದ್ದ, ನಾನು ಇನ್ನೂ ಇಲ್ಲಿ, ನಡುವೆ ಹುಲ್ಲು, ತಲೆ ಮೇಲೆ ಪ್ಲಾಸ್ಟಿಕ್ ಕುರ್ಚಿ, ಅಣ್ಣಾ ಹಸಿ ಇದೆ, ಮೂರು ಮಾತು, ಕೂಗು, ಕೂಗೋ, ದವಡೆ ಬಿಗಿದುಹೋಗಿದೆ. ಇಲ್ಲ, ಅವನು ಕೂರುವುದಿಲ್ಲ, ಅವನಿಗೆ ಹೇಳಬೇಕಾ ಇದನ್ನ, ಬೀದಿ ತಿರುವಿನಲ್ಲೇ ಎನಾಮಲ್ ವಾಸನೆ ಹಿಡಿಯುವವನು, ಯಾರ ಮನೆಯಲ್ಲಿ ಎಷ್ಟನೇ ಕೋಟು ಅಂತ ಮೂಗಿನಲ್ಲೇ ಹೇಳುತ್ತಿದ್ದವನು, ನೋಡು, ನಿಂತ, ಮೂಗು ಎತ್ತಿದ, ಬೆಂಚು ನೋಡಿದ, ಹಿಂಬದಿಗೆ ಬಂದ, ಒಂದು ಕೈ ಮಂಡಿಯ ಮೇಲೆ ಊರಿ ನಿಧಾನಕ್ಕೆ ಬಗ್ಗಿದ, ಬಗ್ಗುತ್ತಿದ್ದಾನೆ, ಇನ್ನೂ ಬಗ್ಗುತ್ತಿದ್ದಾನೆ, ಎಷ್ಟು ಕಷ್ಟ ಅವನಿಗೆ ಈಗ, ಕಬ್ಬಿಣದ ಕಾಲಿನ ಅಡಿಗೆ, ನೆಲದ ಹತ್ತಿರ, ಬೆರಳಿನ ಹಿಂಬದಿ. ಎದ್ದ. ಬೆರಳು ಕಣ್ಣಿನ ಹತ್ತಿರ ತಂದು ನೋಡಿದ, ಹಸಿರು, ಇಲ್ಲಿಗೇ ಕಾಣುತ್ತಿದೆ, ಬರೀ ಹಸಿರು, ಪುಡಿ ಇಲ್ಲ, ಹೊಟ್ಟಿಲ್ಲ. ಆಮೇಲೆ ನನ್ನನ್ನು ನೋಡಿದ. ಮುಖ. ಎಷ್ಟು ಸಣ್ಣಗಾಗಿದೆ ಅವನ ಮುಖ, ಅಮ್ಮನ ಮುಖವೇ ಆಗಿಬಿಟ್ಟಿದೆ, ನಾನು ಬೆನ್ನು ನೋಡಿಕೊಂಡು ಓಡಾಡುತ್ತಿದ್ದಾಗ ಈ ಕಡೆ ಇಷ್ಟೆಲ್ಲ ಆಗಿಹೋಗಿದೆ, ಕುರ್ಚಿ ಇಳಿಸಲೂ ತೋಚಲಿಲ್ಲ. ಅವನು ಮುಂದಕ್ಕೆ ಸುತ್ತಿ ಹೋದ. ಕೊಳದ ಕಡೆ ಮುಖ ಮಾಡಿದ. ಕೂತ.

ಕೂತ! ಬೆರಳಲ್ಲಿ ಬಣ್ಣ ನೋಡಿಯೂ ಕೂತ, ಕೂತು ಹಿಂದಕ್ಕೆ ಒರಗಿದ, ಪೂರ್ತಿ, ಎಂದಿನ ಹಾಗೆ. ನಾನು ಯಾವಾಗ ಹುಲ್ಲು ದಾಟಿದೆನೋ ಗೊತ್ತಿಲ್ಲ, ಸೀಟಿ ಪೀ ಅಂತ ಊದಿದ್ದು ಕೇಳಿಸಿತು, ಬೆಂಚಿನ ಹಿಂದೆ ನಿಂತಿದ್ದೆ, ದಿನಾ ಕೆಮ್ಮುವ ಜಾಗದಲ್ಲಿ, ಕುರ್ಚಿ ಕೆಳಗಿಟ್ಟೆ, ಅವನು ತಿರುಗಲಿಲ್ಲ, ನೀರು ನೋಡುತ್ತಲೇ ಇದ್ದ. ಕೆಳಗೂ ಕೆರೆದಿದೀಯಲ್ಲೋ ಅಂದ. ಹಳೇ ಧ್ವನಿಯೇ, ಸ್ವಲ್ಪ ಸವೆದಿದೆ. ಕೆರೆದಿದೀನಿ ಅಣ್ಣ ಅಂದೆ, ಬಂತು, ಅಣ್ಣ ಅನ್ನುವುದು ತಾನಾಗಿ ಬಂತು. ಎಲ್ಲದಕ್ಕೂ? ಎಲ್ಲದಕ್ಕೂ. ಉಯ್ಯಾಲೆ ಕೊಂಡಿ ಒಳಗೆ? ಒಳಗೂ ಅಣ್ಣ, ನೋಡಿದ್ಯಾ? ಆವಾಗ್ಲೇ ನೋಡಿದೆ ಅಂದ, ನೀನು ಬಣ್ಣ ಹೊಡೆದ ಮಾರನೇ ದಿನ ಎಲ್ಲಾನೂ ಬಗ್ಗಿ ನೋಡ್ತೀನಿ, ಇಲ್ಲದಿದ್ರೆ ದಿನಾ ಇಷ್ಟು ದೂರ ಯಾಕೆ ಬರ್ತೀನಿ, ಬಾತುಕೋಳಿ ನೋಡೋಕಾ. ಮಾಡಿಟ್ಟುಕೊಂಡಿದ್ದ ಮಾತೆಲ್ಲ ಹೋಯಿತು, ಹೋಗಬೇಡ ಅನ್ನಬೇಕು ಅಂತ ಬಾಯಿ ತೆರೆದೆ, ಅಂಗಿ ಹಾಳಾಯ್ತಲ್ಲ ಅಣ್ಣ ಅಂದೆ. ಇರ್ಲಿ ಬಿಡೋ ಅಂದ. ಮತ್ತೆ, ನಿಲ್ಲಬೇಡ, ಆ ಕುರ್ಚಿ ಹಾಕ್ಕೊಂಡು ಕೂತ್ಕೋ, ಮಂಡಿ ನೋವು ಅಂತಾಳೆ ನಿನ್ನ ಹೆಂಡ್ತಿ ಅಂದ. ಇವಳು ಅವನ ಹತ್ತಿರ ಮಾತಾಡುತ್ತಾಳೆ. ಯಾವಾಗಿಂದ. ಕೇಳಲಿಲ್ಲ. ಅವನಿಗೆ ತಂದ ಕುರ್ಚಿಯಲ್ಲಿ ನಾನು ಕೂತೆ, ನೆರಳು ಕೊಳ ದಾಟಿತು.

ಅವನು ಎದ್ದಾಗ ಸದ್ದಾಯಿತು, ಚರ್ರ್ ಅಂತ, ಅಂಗಿ ಪಟ್ಟಿಯಿಂದ ಬಿಡಿಸಿಕೊಂಡ ಸದ್ದು, ನಾನು ತೋಳು ಹಿಡಿದೆ, ಬಿಡು ಬರುತ್ತೆ ಅಂದ, ಬೆಳಿಗ್ಗೆ ಈ ಪಟ್ಟಿ ತಿಕ್ಕಿ ಇನ್ನೊಂದು ಕೋಟು ಕೊಟ್ಬಿಡು, ಬಟ್ಟೆ ನೂಲು ಅಂಟಿದೆ ಅಂದ, ಕೆಲಸ ಹೇಳಿದ, ನಾಳೆ ಅವನು ನೋಡಲು ಇರುವುದಿಲ್ಲ, ಆದರೂ ಹೇಳಿದ, ಸರಿ ಅಣ್ಣ ಅಂದೆ. ಲಾರಿ ಎಷ್ಟು ಹೊತ್ತಿಗೆ, ನಾನೂ ಬರುತ್ತೇನೆ, ಸಾಮಾನು ಏರಿಸಲು ಕೈ ಬೇಕಲ್ಲ, ಅನ್ನೋಣ ಅಂದುಕೊಳ್ಳುವಷ್ಟರಲ್ಲಿ ಅವನು ಹೊರಟ, ದಾರಿ ಹಿಡಿದ, ಬಲಗೈ ಈಗ ದೂರ ಹಿಡಿದಿಲ್ಲ, ಸುಮ್ಮನೆ ಇಳಿಬಿಟ್ಟಿದ್ದಾನೆ, ಮೈಗೆ ತಾಗುತ್ತಿದೆ, ಇನ್ನೇನು ಹಾಳಾಗಲು ಉಳಿದಿದೆ ಆ ಅಂಗಿಯಲ್ಲಿ, ಫೋನಿನವನು ತಿರುಗಿ ನೋಡಿ ನಕ್ಕ, ನಗಲಿ, ಅಣ್ಣ ನೋಡಲಿಲ್ಲ, ನಾನು ಈ ಬೆಂಚನ್ನು ತಿಕ್ಕಬೇಕು ಬೆಳಿಗ್ಗೆ, ಇಲ್ಲ, ಲಾರಿ ಹತ್ತಿರ ಮೊದಲು, ಆಮೇಲೆ, ಇಲ್ಲ, ತಿಕ್ಕುವುದಿಲ್ಲ, ಇರಲಿ ನೂಲು, ಸೀಟಿ ಬೈಯಲಿ, ಗೇಟಿನ ಹತ್ತಿರ ಹೋದ ಅವನು, ದೀಪ ಹತ್ತಿತು, ಬೆಳಕಿನ ಕೆಳಗೆ ಬೆನ್ನು, ನನ್ನ ಕೆನ್ನೆ ಅಂಟಿಕೊಂಡಿದ್ದ ಬೆನ್ನು, ಬಿಳಿ ಅಂಗಿ, ಅದರ ಮೇಲೆ ಅಡ್ಡಕ್ಕೆ ಹಸಿರು ಪಟ್ಟೆ, ಒಂದು, ಅದರ ಕೆಳಗೆ ಒಂದು, ಅದರ ಕೆಳಗೆ — ನನ್ನ ಕೈಯ ಬಣ್ಣ — ಬಿಳಿ ಬೆನ್ನು, ಹಸಿರು ಪಟ್ಟೆ, ಇನ್ನೂ ಹಸಿ